ಚುಕ್ಕಿ ಬಾಯಿಪಾಠ ಬೇಡ, ಎಣಿಸಲು ಕಲಿಸಿ

ನಮ್ಮ ಬಳಗದ ಒಬ್ಬರ ಮನೆಯಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ ಓದುವ ತಂಗಿ ಇದ್ದಾಳೆ. ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ಹೋದ ತಿಂಗಳು ನಾವು ನಾಲ್ಕು ಜನ ಅವರ ಮನೆಗೆ ಊಟಕ್ಕೆ ಹೋದಾಗ ಜಗಲಿ ಮೇಲೆ ಕೂತು ವಿಜ್ಞಾನ ಓದುತ್ತಿದ್ದಳು. ಮೀಥೇನಿನ ಎಲೆಕ್ಟ್ರಾನ್ ಚುಕ್ಕಿ ರಚನೆ ಬರೆಯಮ್ಮ ಎಂದರೆ ಅರ್ಧ ನಿಮಿಷದಲ್ಲಿ ಬರೆದು ತೋರಿಸಿದಳು. ನಡುವೆ ಕಾರ್ಬನ್, ನಾಲ್ಕು ದಿಕ್ಕಿಗೆ ನಾಲ್ಕು ಹೈಡ್ರೋಜನ್, ಚುಕ್ಕಿ, ಗುಣಿಸು ಚಿಹ್ನೆ, ವೃತ್ತ, ಎಲ್ಲ ಪುಸ್ತಕದಲ್ಲಿ ಇದ್ದ ಹಾಗೇ. ನೀರಿನದು, ಅಮೋನಿಯಾದ್ದು ಕೂಡ ಬರೆದಳು.

ಅವರ ಮನೆ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ಇದೆ. ಅದರಲ್ಲಿ ಬರುವ ಕೊಳೆತ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಒಂದು ಗಂಧಕ, ಎರಡು ಹೈಡ್ರೋಜನ್. "ಸರಿ, ಇದರದ್ದು ಬರಿ ನೋಡೋಣ" ಎಂದೆವು.

ಪೆನ್ನು ನಿಂತುಹೋಯಿತು. "ಅದು ಇಂಪಾರ್ಟೆಂಟ್ ಅಲ್ಲ ಅಣ್ಣ, ಪರೀಕ್ಷೆಗೆ ಬರಲ್ಲ" ಎಂದಳು.

ಈ ಲೇಖನ ಆ ಒಂದು ಮಾತಿನಿಂದ ಹುಟ್ಟಿದ್ದು. ಹುಡುಗಿ ದಡ್ಡಿಯಲ್ಲ, ತರಗತಿಯಲ್ಲಿ ಮುಂದೆ ಇರುವವಳೇ. ಆದರೆ ಅವಳಿಗೆ ಬಂದಿದ್ದು ಚಿತ್ರ ಮಾತ್ರ, ಲೆಕ್ಕ ಅಲ್ಲ. ಅವಳ ಅಮ್ಮ ದಿನಾ ಬೆಳಿಗ್ಗೆ ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕುತ್ತಾರೆ. ಚುಕ್ಕಿ ಎಷ್ಟು ಸಾಲು, ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವ ಲೆಕ್ಕ ಗೊತ್ತಿದ್ದವರು ಹೊಸ ರಂಗೋಲಿಯನ್ನೂ ಹಾಕಬಲ್ಲರು. ಲೆಕ್ಕ ಗೊತ್ತಿಲ್ಲದವರು ನೋಡಿದ್ದನ್ನು ಮಾತ್ರ ನಕಲು ಮಾಡಬಲ್ಲರು. ಎಲೆಕ್ಟ್ರಾನ್ ಚುಕ್ಕಿಗಳ ಕಥೆಯೂ ಅಷ್ಟೇ. ನಾವು ಮಕ್ಕಳಿಗೆ ನಕಲು ಕಲಿಸುತ್ತಿದ್ದೇವೆ, ರಂಗೋಲಿ ಕಲಿಸುತ್ತಿಲ್ಲ. ಇದು ಬದಲಾಗಬೇಕು ಅನ್ನುವುದು ನಮ್ಮ ಅಭಿಪ್ರಾಯ. ಅದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ, ಒಂದು ಹಿಡಿ ಹುಣಸೆಬೀಜ ಸಾಕು.

ಲೆಕ್ಕ ಇಷ್ಟೇ

ಪರಮಾಣುವಿನ ಹೊರಗಿನ ಸುತ್ತಿನಲ್ಲಿರುವ ಎಲೆಕ್ಟ್ರಾನುಗಳೇ ಬೇರೆ ಪರಮಾಣುಗಳ ಜೊತೆ ಕೈ ಹಿಡಿಯುವುದು. ಹೈಡ್ರೋಜನ್‌ಗೆ 1, ಕಾರ್ಬನ್‌ಗೆ 4, ನೈಟ್ರೋಜನ್‌ಗೆ 5, ಆಕ್ಸಿಜನ್‌ಗೆ 6. ಗಂಧಕಕ್ಕೂ 6. ಹೈಡ್ರೋಜನ್‌ಗೆ ಸುತ್ತ 2 ಆದರೆ ಸಮಾಧಾನ, ಉಳಿದ ಇವಕ್ಕೆ 8 ಆಗಬೇಕು.

ಮೊದಲು ಎಲ್ಲ ಪರಮಾಣುಗಳ ಚುಕ್ಕಿ ಕೂಡಿಸಿ. ಆಮೇಲೆ ನಡುವಿನ ಪರಮಾಣುವಿಗೂ ಸುತ್ತಲಿನ ಒಂದೊಂದಕ್ಕೂ ಮಧ್ಯೆ ಎರಡೆರಡು ಚುಕ್ಕಿ ಇಡಿ. ಅದೇ ಬಂಧ. ಉಳಿದ ಚುಕ್ಕಿಗಳನ್ನು ಮೊದಲು ಸುತ್ತಲಿನವಕ್ಕೆ, ಆಮೇಲೆ ನಡುವಿನದಕ್ಕೆ ಹಂಚಿ. ನಡುವಿನದಕ್ಕೆ 8 ಆಗದಿದ್ದರೆ ಪಕ್ಕದವರ ಜೋಡಿಯನ್ನು ಮಧ್ಯಕ್ಕೆ ಎಳೆದು ಎರಡು ಬಂಧ ಮಾಡಿ. ಇಷ್ಟೇ.

ಈಗ ಹುಣಸೆಬೀಜ ತಗೊಳ್ಳಿ. ಹೈಡ್ರೋಜನ್ನಿನ ಚುಕ್ಕಿಗೆ ಬೇಕಾದರೆ ಅವರೆಕಾಳು ಇಟ್ಟುಕೊಳ್ಳಿ, ಯಾರದ್ದು ಯಾವುದು ಅಂತ ಗೊತ್ತಾಗುತ್ತದೆ.

ಮೀಥೇನ್: ಕಾರ್ಬನ್ನಿನ 4, ನಾಲ್ಕು ಹೈಡ್ರೋಜನ್ನಿನ 4, ಒಟ್ಟು 8. ನಾಲ್ಕು ಬಂಧಕ್ಕೆ 8 ಮುಗಿಯಿತು. ಉಳಿದಿದ್ದು ಸೊನ್ನೆ.

ಅಮೋನಿಯಾ: ನೈಟ್ರೋಜನ್ನಿನ 5, ಮೂರು ಹೈಡ್ರೋಜನ್ನಿನ 3, ಒಟ್ಟು 8. ಮೂರು ಬಂಧಕ್ಕೆ 6 ಹೋಯಿತು. ಉಳಿದಿದ್ದು 2, ಅಂದರೆ ಒಂದು ಜೋಡಿ.

ನೀರು: ಆಕ್ಸಿಜನ್ನಿನ 6, ಎರಡು ಹೈಡ್ರೋಜನ್ನಿನ 2, ಒಟ್ಟು 8. ಎರಡು ಬಂಧಕ್ಕೆ 4 ಹೋಯಿತು. ಉಳಿದಿದ್ದು 4, ಅಂದರೆ ಎರಡು ಜೋಡಿ.

ನೋಡಿ, ಮೂರಕ್ಕೂ ಮೊತ್ತ ಎಂಟೇ. ಬೇರೆಯಾಗಿದ್ದು ಬಂಧಕ್ಕೆ ಸೇರದೆ ಉಳಿದ ಜೋಡಿ ಎಷ್ಟು ಅನ್ನುವುದು ಮಾತ್ರ. ಹತ್ತನೇ ತರಗತಿ ಪಾಠ ಇಲ್ಲಿಗೆ ನಿಲ್ಲುತ್ತದೆ. ನಿಜವಾದ ಮಜಾ ಇಲ್ಲಿಂದ ಶುರುವಾಗುತ್ತದೆ.

ಪುಟ ಚಪ್ಪಟೆ, ಅಣು ಚಪ್ಪಟೆ ಅಲ್ಲ

ಪುಸ್ತಕದಲ್ಲಿ ಮೀಥೇನ್ ಕೂಡುವ ಚಿಹ್ನೆಯ ಹಾಗೆ ಇರುತ್ತದೆ. ಮೇಲೊಂದು, ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು. ಕಾಗದ ಚಪ್ಪಟೆ ಇರುವುದರಿಂದ ಹಾಗೆ ಬರೆಯದೆ ಗತಿಯಿಲ್ಲ. ಆದರೆ ಮಗುವಿನ ತಲೆಯಲ್ಲಿ ಮೀಥೇನ್ ನಿಜವಾಗಿಯೂ ಚಪ್ಪಟೆ ಅಂತ ಕೂತುಬಿಡುತ್ತದೆ.

ಎಲೆಕ್ಟ್ರಾನುಗಳಿಗೆ ಒಂದರ ಪಕ್ಕ ಒಂದು ಇರಲು ಇಷ್ಟವಿಲ್ಲ, ಒಂದನ್ನೊಂದು ದೂಡುತ್ತವೆ. ನಡುವಿನ ಪರಮಾಣುವಿನ ಸುತ್ತ ಎಷ್ಟು ಗುಂಪು ಇದೆಯೋ ಅಷ್ಟೂ ಆದಷ್ಟು ದೂರ ದೂರ ಸರಿದು ನಿಲ್ಲುತ್ತವೆ. ಇದನ್ನು ನೋಡಬೇಕಾದರೆ ಜಾತ್ರೆಯಲ್ಲಿ ಸಿಗುವ ಬಲೂನು ತನ್ನಿ. ಎರಡು ಬಲೂನು ಊದಿ ಬಾಯಿಗೆ ಬಾಯಿ ಸೇರಿಸಿ ಕಟ್ಟಿ, ಒಂದು ಆ ಕಡೆ, ಒಂದು ಈ ಕಡೆ ನೆಟ್ಟಗೆ ನಿಲ್ಲುತ್ತದೆ. ಮೂರು ಕಟ್ಟಿ, ಒಲೆಯ ಮೂರು ಕಲ್ಲಿನ ಹಾಗೆ ಮೂರು ದಿಕ್ಕಿಗೆ ಹೋಗುತ್ತವೆ. ನಾಲ್ಕು ಕಟ್ಟಿದರೆ ಕೂಡುವ ಚಿಹ್ನೆ ಆಗುವುದಿಲ್ಲ. ನೀವು ಕೈಯಿಂದ ಚಪ್ಪಟೆ ಮಾಡಿ ಬಿಟ್ಟರೂ ಅವು ತಿರುಗಿ ಎದ್ದು ಮೂರು ಕಾಲು ಕೆಳಗೆ, ಒಂದು ಮೇಲಕ್ಕೆ ಆಗಿ ನಿಲ್ಲುತ್ತವೆ. ಚಪ್ಪಟೆ ಇದ್ದರೆ ಎರಡರ ನಡುವೆ 90 ಡಿಗ್ರಿ ಜಾಗ ಮಾತ್ರ. ಹೀಗೆ ಎದ್ದು ನಿಂತರೆ 109.5 ಡಿಗ್ರಿ ಸಿಗುತ್ತದೆ. ಯಾರಿಗೆ ತಾನೇ ಜಾಸ್ತಿ ಜಾಗ ಬೇಡ?

ಮೀಥೇನಿನ ಆಕಾರ ಇದೇ. ಇಂಗ್ಲಿಷಿನಲ್ಲಿ ಟೆಟ್ರಾಹೆಡ್ರಲ್ ಅಂತಾರೆ.

ಅಮೋನಿಯಾಕ್ಕೂ ನಾಲ್ಕು ಗುಂಪು. ಆದರೆ ಒಂದು ಗುಂಪು ಉಳಿದ ಜೋಡಿ, ಅದರ ತುದಿಯಲ್ಲಿ ಪರಮಾಣು ಇಲ್ಲ. ಹಾಗಾಗಿ ಕಾಣುವುದು ಮೂರು ಕಾಲಿನ ಮಣೆ. ಉಳಿದ ಜೋಡಿಗೆ ಹಂಚಿಕೊಳ್ಳುವವರು ಯಾರೂ ಇಲ್ಲ, ಅದು ಹರಡಿಕೊಂಡು ಕೂರುತ್ತದೆ. ಬಸ್ಸಿನ ಸೀಟಿನಲ್ಲಿ ಒಬ್ಬರು ಕಾಲು ಅಗಲಿಸಿ ಕೂತರೆ ಪಕ್ಕದವರು ಒತ್ತಿಕೊಳ್ಳಬೇಕಲ್ಲ, ಹಾಗೆ ಕೋನ 107 ಡಿಗ್ರಿಗೆ ಇಳಿಯುತ್ತದೆ. ನೀರಿನಲ್ಲಿ ಹೀಗೆ ಹರಡಿ ಕೂರುವವರು ಇಬ್ಬರು. ಕೋನ 104.5 ಡಿಗ್ರಿ. ಕಾಣುವುದು ಎರಡೇ ಹೈಡ್ರೋಜನ್ ಆದ್ದರಿಂದ ನೀರಿನ ಅಣು ಬಾಗಿದೆ.

ಇನ್ನು ಸೋಡಾ ಬಾಟಲಿಯಲ್ಲಿರುವ ಕಾರ್ಬನ್ ಡೈ ಆಕ್ಸೈಡ್. 4, 6, 6, ಒಟ್ಟು 16. ಒಂದೊಂದೇ ಬಂಧ ಇಟ್ಟು ಉಳಿದ 12 ಅನ್ನು ಎರಡು ಆಕ್ಸಿಜನ್ನಿಗೆ ಹಂಚಿದರೆ ನಡುವಿನ ಕಾರ್ಬನ್ನಿಗೆ ನಾಲ್ಕೇ ಉಳಿಯುತ್ತದೆ. ಹಾಗಾಗಿ ಎರಡೂ ಕಡೆ ಎರಡೆರಡು ಬಂಧ. ಎರಡು ಬಂಧ ಇದ್ದರೂ ದಿಕ್ಕು ಒಂದೇ, ಗುಂಪು ಒಂದೇ. ಕಾರ್ಬನ್ನಿನ ಸುತ್ತ ಒಟ್ಟು ಎರಡು ಗುಂಪು, ಉಳಿದ ಜೋಡಿ ಇಲ್ಲ. ಎರಡು ಬಲೂನಿನ ಹಾಗೆ ನೆಟ್ಟಗೆ, 180 ಡಿಗ್ರಿ.

ನೀರಿನಲ್ಲೂ ಮೂರೇ ಪರಮಾಣು, ಇದರಲ್ಲೂ ಮೂರೇ ಪರಮಾಣು. ಒಂದು ಬಾಗಿದೆ, ಒಂದು ನೆಟ್ಟಗಿದೆ. ಯಾಕೆ ಅಂತ ಬೀಜ ಎಣಿಸಿದವರಿಗೆ ಗೊತ್ತು. ಚಿತ್ರ ನಕಲು ಮಾಡಿದವರಿಗೆ ಗೊತ್ತಿಲ್ಲ.

ಬಾಗಿದರೆ ಏನಾಯಿತು?

ಆಕಾರ ಗೊತ್ತಾಗಿ ಏನು ಪ್ರಯೋಜನ ಅಂತ ಕೇಳುವವರಿಗೆ ಒಂದು ಲೆಕ್ಕ. ಮೀಥೇನ್ ಅಣುವಿನ ತೂಕ 16, ಅಮೋನಿಯಾದ್ದು 17, ನೀರಿನದು 18. ಹೆಚ್ಚು ಕಡಿಮೆ ಒಂದೇ. ಆದರೆ ಮೀಥೇನ್ ಸೊನ್ನೆಗಿಂತ 161 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ಅಮೋನಿಯಾ ಸೊನ್ನೆಗಿಂತ 33 ಡಿಗ್ರಿ ಕೆಳಗೆ. ನೀರು ಕುದಿಯಲು 100 ಡಿಗ್ರಿ ಬೇಕು. 44 ತೂಕದ ಕಾರ್ಬನ್ ಡೈ ಆಕ್ಸೈಡ್ ಕೂಡ ನಮ್ಮ ಸುತ್ತ ಅನಿಲವಾಗೇ ಇದೆ, 18 ತೂಕದ ನೀರು ಮಾತ್ರ ಬಿಂದಿಗೆಯಲ್ಲಿ ನಿಂತಿದೆ.

ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅಣು ಬಾಗಿರುವುದರಿಂದ ಒಂದು ಪಕ್ಕ ಸ್ವಲ್ಪ ಋಣ, ಇನ್ನೊಂದು ಪಕ್ಕ ಸ್ವಲ್ಪ ಧನ ಆಗುತ್ತದೆ. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಉಳಿದ ಜೋಡಿಗೆ ಅಂಟಿಕೊಳ್ಳುತ್ತದೆ. ಈ ಅಂಟು ಬಿಡಿಸಲು ಅಷ್ಟು ಕಾವು ಬೇಕು. ನೀರಿನ ಅಣು ನೆಟ್ಟಗಿದ್ದಿದ್ದರೆ ಎರಡೂ ಕಡೆಯ ಎಳೆತ ಒಂದನ್ನೊಂದು ರದ್ದು ಮಾಡುತ್ತಿತ್ತು, ಕಾರ್ಬನ್ ಡೈ ಆಕ್ಸೈಡಿನಲ್ಲಿ ಆಗುವುದು ಅದೇ. ಉಪ್ಪು ನೀರಿನಲ್ಲಿ ಕರಗುವುದೂ ಈ ಧನ, ಋಣದ ಪಕ್ಕಗಳಿಂದಲೇ. ಮಂಜುಗಡ್ಡೆಯಲ್ಲಿ ಒಂದೊಂದು ಅಣು ನಾಲ್ಕು ದಿಕ್ಕಿಗೆ ನಾಲ್ಕು ಅಣುಗಳನ್ನು ಹಿಡಿದು ಮಧ್ಯೆ ಜಾಗ ಬಿಟ್ಟು ನಿಲ್ಲುತ್ತದೆ. ಅದಕ್ಕೇ ಮಂಜು ಹಗುರ, ಲೋಟದಲ್ಲಿ ತೇಲುತ್ತದೆ.

ಹೊಲದ ವಿಷಯಕ್ಕೆ ಬನ್ನಿ. 45 ಕೆಜಿ ಯೂರಿಯಾ ಚೀಲದಲ್ಲಿ ಶೇಕಡಾ 46ರಷ್ಟು, ಅಂದರೆ 20 ಕೆಜಿಗೆ ಸ್ವಲ್ಪ ಜಾಸ್ತಿ ಸಾರಜನಕ ಇದೆ. ಸಾರಜನಕ ಅಂದರೆ ಇದೇ ನೈಟ್ರೋಜನ್. ಯೂರಿಯಾ ಮಣ್ಣಿಗೆ ಬಿದ್ದು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾದ ತಲೆ ಮೇಲೆ ಒಂದು ಉಳಿದ ಜೋಡಿ ಇದೆಯಲ್ಲ, ತೇವ ಇದ್ದರೆ ಆ ಜೋಡಿ ಒಂದು ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡು ಅಮೋನಿಯಂ ಆಗುತ್ತದೆ. ಅಮೋನಿಯಂಗೆ ಧನ ಆವೇಶ, ಜೇಡಿಮಣ್ಣಿನ ಕಣಕ್ಕೆ ಋಣ ಆವೇಶ. ಎರಡೂ ಅಂಟಿಕೊಳ್ಳುತ್ತವೆ, ಗೊಬ್ಬರ ಬೇರಿಗೆ ಸಿಗುತ್ತದೆ. ಯೂರಿಯಾವನ್ನು ಮೇಲೆ ಮೇಲೆ ಎರಚಿ, ಮಣ್ಣಿಗೆ ಸೇರಿಸದೆ, ನೀರೂ ಕಟ್ಟದೆ ಬಿಟ್ಟರೆ ಅಮೋನಿಯಾ ಹಾಗೇ ಗಾಳಿಗೆ ಹಾರಿಹೋಗುತ್ತದೆ. ಮೂಗಿಗೆ ಹೊಡೆಯುವ ಆ ವಾಸನೆ ನಮ್ಮ ದುಡ್ಡಿನ ವಾಸನೆ. "ಯೂರಿಯಾ ಹಾಕಿ ನೀರು ಕೊಡಿ" ಅಂತ ಕೃಷಿ ಇಲಾಖೆಯವರು ಹೇಳುವುದರ ಹಿಂದೆ ಇರುವುದು ಒಂದು ಜೋಡಿ ಚುಕ್ಕಿ.

ಇದನ್ನು ರೈತರ ಮಕ್ಕಳಿಗೆ ಹತ್ತನೇ ತರಗತಿಯಲ್ಲಿ ಹೇಳದೆ ಇನ್ಯಾರಿಗೆ ಹೇಳುವುದು?

ಎರಡು ತರಗತಿಗಳ ನಡುವಿನ ಹಳ್ಳ

ನಮ್ಮ ಸಿಟ್ಟು ಇರುವುದು ಇಲ್ಲಿ. ಹತ್ತನೇ ತರಗತಿಯ ಇಂಗಾಲದ ಪಾಠದಲ್ಲಿ ಚುಕ್ಕಿ ಇದೆ, ಆಕಾರ ಇಲ್ಲ. ಪ್ರಥಮ ಪಿಯುಸಿಯಲ್ಲಿ ಆಕಾರ ಬರುತ್ತದೆ, ಆದರೆ ಚುಕ್ಕಿ ಎಣಿಸಲು ಬರುತ್ತದೆ ಅಂತಲೇ ಅಂದುಕೊಂಡು, ಇಂಗ್ಲಿಷಿನಲ್ಲಿ, ಓಡುವ ವೇಗದಲ್ಲಿ ಬರುತ್ತದೆ. ನಡುವೆ ಒಂದು ಹಳ್ಳ. ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಬೀಳುವುದು ಆ ಹಳ್ಳಕ್ಕೆ.

ನಾವು ಬಿದ್ದಿದ್ದೇವೆ. ಪತ್ರಿಕೋದ್ಯಮ ಓದುವ ಮುಂಚೆ ನಮ್ಮಲ್ಲಿ ಇಬ್ಬರು ಪಿಯುಸಿ ವಿಜ್ಞಾನ ಸೇರಿ, ರಸಾಯನಶಾಸ್ತ್ರದಲ್ಲಿ ಫೇಲಾಗಿ, ಕಲಾ ವಿಭಾಗಕ್ಕೆ ಬಂದವರು. ಪತ್ರಿಕೋದ್ಯಮಕ್ಕೆ ಬಂದಿದ್ದಕ್ಕೆ ಬೇಜಾರಿಲ್ಲ. ಆದರೆ ವಿಜ್ಞಾನ ನಮ್ಮ ತಲೆಗೆ ಹತ್ತುವುದಲ್ಲ ಅಂತ ವರ್ಷಗಟ್ಟಲೆ ನಂಬಿಕೊಂಡಿದ್ದೆವಲ್ಲ, ಅದಕ್ಕೆ ಬೇಜಾರಿದೆ. ಅವರಲ್ಲಿ ಒಬ್ಬರು ಈಗಲೂ ಹೇಳಿ ನಗುತ್ತಾರೆ. ಉಪನ್ಯಾಸಕರು ಬೋರ್ಡ್ ಕಡೆ ತಿರುಗಿ ಲೋನ್ ಪೇರ್, ಲೋನ್ ಪೇರ್ ಅನ್ನುತ್ತಿದ್ದರಂತೆ. ಊರಲ್ಲಿ ನಮಗೆ ಗೊತ್ತಿದ್ದ ಲೋನು ಒಂದೇ, ಸೊಸೈಟಿಯ ಬೆಳೆ ಸಾಲ. ಮೂರು ತಿಂಗಳು ಅವರು ಅದನ್ನು ಸಾಲದ ಜೋಡಿ ಅಂತಲೇ ತಿಳಿದಿದ್ದರು. ಕೇಳೋಣ ಅಂದರೆ ಇಂಗ್ಲಿಷಿನಲ್ಲಿ ಕೇಳಬೇಕು, ಪೇಟೆ ಮಕ್ಕಳು ನಗುತ್ತಾರೆ ಅನ್ನುವ ಭಯ. ಬಂಧಕ್ಕೆ ಸೇರದೆ ಒಂಟಿಯಾಗಿ ಉಳಿದ ಜೋಡಿ ಅಂತ ಒಂದು ಸಾಲು ಕನ್ನಡದಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು.

ಟೆಟ್ರಾಹೆಡ್ರಲ್, ಟ್ರೈಗೋನಲ್ ಪಿರಮಿಡಲ್, ಬೆಂಟ್, ಲೀನಿಯರ್ ಅಂತ ಪಟ್ಟಿ ಮಾಡಿ, ಡಿಗ್ರಿ ಸಮೇತ ಉರು ಹೊಡೆದು ಪರೀಕ್ಷೆಗೆ ಹೋದವರು ನಾವು. ಆ ಪಟ್ಟಿ ಇಡೀ ಎರಡು ಮಾತಿನಿಂದ ಹುಟ್ಟುತ್ತದೆ, ಎಣಿಸು ಮತ್ತು ದೂರ ಸರಿಸು ಅಂತ ಯಾರೂ ಹೇಳಲಿಲ್ಲ.

ಪಾಠ ಹೇಳುವಾಗಲೇ ಹುಟ್ಟಿದ್ದು

ಈ ಚುಕ್ಕಿಗಳನ್ನು ತಂದವರು ಅಮೆರಿಕದ ಗಿಲ್ಬರ್ಟ್ ಲೂಯಿಸ್. 1902ರಲ್ಲಿ ಹೊಸ ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ಘನಾಕೃತಿ ಬರೆದು, ಅದರ ಎಂಟು ಮೂಲೆಯಲ್ಲಿ ಎಲೆಕ್ಟ್ರಾನು ಇಟ್ಟು ವಿವರಿಸಿದ್ದರು. ಎಂಟರ ಲೆಕ್ಕ ಆ ಎಂಟು ಮೂಲೆಯಲ್ಲೇ ಇತ್ತು. 1916ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದಾಗ ಪರಮಾಣು ಮತ್ತು ಅಣುವಿನ ಬಗ್ಗೆ ಬರೆದ ಲೇಖನದಲ್ಲಿ ಎರಡು ಪರಮಾಣು ಒಂದು ಜೋಡಿ ಎಲೆಕ್ಟ್ರಾನನ್ನು ಹಂಚಿಕೊಳ್ಳುವುದೇ ಬಂಧ ಎಂದರು. ನೊಬೆಲ್‌ಗೆ ಹಲವು ಸಲ ಹೆಸರು ಹೋಯಿತು, ಕೊಡಲಿಲ್ಲ. ಜೋಡಿಗಳ ಸಂಖ್ಯೆಯಿಂದ ಆಕಾರ ಹೇಳಬಹುದು ಅಂತ 1940ರಲ್ಲಿ ಇಂಗ್ಲೆಂಡಿನ ಸಿಡ್ಜ್‌ವಿಕ್ ಮತ್ತು ಪೊವೆಲ್ ತೋರಿಸಿದರು. 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ಅದನ್ನು ಈಗ ಪಿಯುಸಿಯಲ್ಲಿ ಇರುವ ನಿಯಮದ ರೂಪಕ್ಕೆ ತಂದರು.

ಅಂದರೆ ಚುಕ್ಕಿ ಹುಟ್ಟಿದ್ದೇ ಮಕ್ಕಳಿಗೆ ಅರ್ಥ ಮಾಡಿಸಲು. ನಾವು ಅದನ್ನೇ ಅರ್ಥವಿಲ್ಲದ ಚಿತ್ರ ಮಾಡಿ ಇಟ್ಟಿದ್ದೇವೆ.

ಮೇಷ್ಟ್ರುಗಳ ಮಾತೂ ಕೇಳಿದೆವು

ಇದನ್ನು ಬರೆಯುವ ಮುಂಚೆ ಪರಿಚಯದ ಕೆಲವು ವಿಜ್ಞಾನ ಮೇಷ್ಟ್ರು, ಮೇಡಂಗಳ ಹತ್ತಿರ ಮಾತಾಡಿದೆವು. ಅವರ ಕಷ್ಟ ಸುಳ್ಳಲ್ಲ. ಪಾಠ ಮುಗಿಸಬೇಕು, ಫಲಿತಾಂಶ ಕಮ್ಮಿಯಾದರೆ ಉತ್ತರ ಕೊಡಬೇಕು, ಹಿಂದುಳಿದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಓದಿಸಬೇಕು. ಮೀಥೇನ್ ಚಿತ್ರ ಉರು ಹೊಡೆಸಿದರೆ ಒಂದೆರಡು ಅಂಕ ಗ್ಯಾರಂಟಿ. "ಆಕಾರ ಸಿಲಬಸ್ಸಲ್ಲೇ ಇಲ್ಲ, ನಾವ್ಯಾಕೆ ಹೇಳೋದು?" ಅಂತ ಒಬ್ಬರು ನೇರವಾಗೇ ಕೇಳಿದರು.

ನಮ್ಮ ಉತ್ತರ ಇಷ್ಟು. ಎಣಿಸಲು ಕಲಿತ ಮಗುವಿಗೆ ಹತ್ತು ಚಿತ್ರ ಉರು ಹೊಡೆಯುವ ಕೆಲಸವೇ ಉಳಿಯುವುದಿಲ್ಲ. ಎರಡು ಪೀರಿಯಡ್ ಖರ್ಚು ಮಾಡಿದರೆ ಆಮೇಲೆ ನಾಲ್ಕು ಪೀರಿಯಡ್ ಉಳಿಯುತ್ತದೆ. ಹಿಂದುಳಿದ ಮಗುವಿಗೆ ಚಿತ್ರ ಮರೆತರೆ ದಾರಿಯಿಲ್ಲ. ಬೀಜದ ಲೆಕ್ಕ ಗೊತ್ತಿದ್ದರೆ ಮರೆತದ್ದನ್ನೂ ಮತ್ತೆ ಕಟ್ಟಿಕೊಳ್ಳಬಹುದು. ಪಾಸಿಂಗ್ ಪ್ಯಾಕೇಜಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ?

ಇನ್ನೊಬ್ಬ ಮೇಡಂ ಹೇಳಿದ್ದು ಬೇರೆ. ಚುಕ್ಕಿ ಪೂರ್ತಿ ಸತ್ಯ ಅಲ್ಲ, ಅದನ್ನೇ ನಂಬಿಸಿದರೆ ಮುಂದೆ ತೊಂದರೆ ಎಂದರು. ಇದು ನಿಜ. ಆಕ್ಸಿಜನ್ ಅಣುವಿನ ಚುಕ್ಕಿ ಬರೆದರೆ ಎಲ್ಲ ಎಲೆಕ್ಟ್ರಾನೂ ಜೋಡಿಯಾಗಿ ಕೂರುತ್ತವೆ. ಆದರೆ ದ್ರವ ಆಕ್ಸಿಜನ್ ಸುರಿದರೆ ಆಯಸ್ಕಾಂತಕ್ಕೆ ಅಂಟುತ್ತದೆ. ಜೋಡಿಯಿಲ್ಲದ ಎರಡು ಎಲೆಕ್ಟ್ರಾನು ಅದರಲ್ಲಿವೆ, ಚುಕ್ಕಿಗೆ ಅದು ಕಾಣುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಬಾಗಿದೆ ಅಂತ ಚುಕ್ಕಿ ಸರಿಯಾಗೇ ಹೇಳುತ್ತದೆ. ಆದರೆ ಕೋನ ನೀರಿನ ಹಾಗೆ 104 ಇರದೆ 92 ಡಿಗ್ರಿ ಇದೆ. ಸುಗ್ಗಿಗೆ ಮುಂಚೆ ಬೆಳೆ ನೋಡಿ ಎಷ್ಟು ಮೂಟೆ ಆಗಬಹುದು ಅಂತ ಹಿರಿಯರು ಹೇಳುತ್ತಾರಲ್ಲ, ಹಾಗೆ ಇದು ಅಂದಾಜು. ತೂಕ ಹಾಕಿದಾಗ ಸ್ವಲ್ಪ ಆಚೀಚೆ ಆಗುತ್ತದೆ. ಹಾಗಂತ ಅಂದಾಜು ಕಲಿಯುವುದು ಬೇಡವೇ? ಎಲ್ಲಿ ತಪ್ಪುತ್ತದೆ ಅಂತಲೂ ಮಕ್ಕಳಿಗೆ ಹೇಳೋಣ. ತಪ್ಪುವ ಜಾಗ ತೋರಿಸುವುದೂ ವಿಜ್ಞಾನವೇ.

ನಾವು ಕೇಳುವುದು ನಾಲ್ಕು

ಒಂದು, ಹತ್ತನೇ ತರಗತಿಯ ಚುಕ್ಕಿ ಪಾಠಕ್ಕೆ ಆಕಾರದ ಎರಡು ಪೀರಿಯಡ್ ಸೇರಿಸಿ. ಬಲೂನು, ಜೇಡಿಮಣ್ಣು, ಹಿಡಿಕಡ್ಡಿ ಸಾಕು.

ಎರಡು, ಪರೀಕ್ಷೆಯಲ್ಲಿ ಪುಸ್ತಕದಲ್ಲಿಲ್ಲದ ಒಂದು ಸಣ್ಣ ಅಣು ಕೊಟ್ಟು ಚುಕ್ಕಿ ಬರೆಯಿರಿ ಅಂತ ಕೇಳಿ. ಒಂದು ಪ್ರಶ್ನೆ ಬದಲಾದರೆ ಕಲಿಸುವ ರೀತಿ ತಾನೇ ಬದಲಾಗುತ್ತದೆ.

ಮೂರು, ಪಿಯುಸಿ ಉಪನ್ಯಾಸಕರು ಮೊದಲ ಎರಡು ವಾರ ಕನ್ನಡ ಮತ್ತು ಇಂಗ್ಲಿಷ್ ಪದ ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಲಿ. ಇದಕ್ಕೆ ಯಾವ ಆದೇಶವೂ ಬೇಕಿಲ್ಲ.

ನಾಲ್ಕು, ಇದು ಅಪ್ಪ ಅಮ್ಮಂದಿರಿಗೆ. ಮಗು ಚುಕ್ಕಿ ಬರೆದು ತೋರಿಸಿದರೆ "ಉಳಿದ ಚುಕ್ಕಿ ಎಷ್ಟು, ಅದು ಎಲ್ಲಿ ಕೂತಿದೆ?" ಅಂತ ಕೇಳಿ. ನಿಮಗೆ ಉತ್ತರ ಗೊತ್ತಿರಬೇಕಿಲ್ಲ. ಪ್ರಶ್ನೆ ಕೇಳಿದರೆ ಸಾಕು, ಮಗು ಎಣಿಸುತ್ತದೆ.

ಆ ದಿನ ಊಟ ಆದ ಮೇಲೆ ತಂಗಿಯ ಮುಂದೆ ಹುಣಸೆಬೀಜ ಸುರಿದೆವು. ಗಂಧಕಕ್ಕೆ ಆರು ಇಟ್ಟಳು. ಎರಡು ಅವರೆಕಾಳು ಸೇರಿಸಿದಳು. ಎರಡು ಬಂಧ ಮಾಡಿದಳು, ಉಳಿದ ನಾಲ್ಕನ್ನು ಎರಡೆರಡು ಮಾಡಿ ಮೇಲಿಟ್ಟಳು. ಸ್ವಲ್ಪ ಹೊತ್ತು ನೋಡುತ್ತಾ ಕೂತಳು.

"ಅಣ್ಣ, ಇದು ನೀರೇ ಅಲ್ವಾ? ಮಧ್ಯದ್ದು ಮಾತ್ರ ಬೇರೆ. ಹಾಗಾದ್ರೆ ಇದೂ ಬಾಗಿರ್ಬೇಕು."

ಯಾರೂ ಹೇಳಿಕೊಟ್ಟಿರಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ. ಹಿತ್ತಲ ಗುಂಡಿಯಲ್ಲಿರುವ, ಕಣ್ಣಿಗೆ ಕಾಣದ ಒಂದು ಅಣುವಿನ ಆಕಾರವನ್ನು ಎಂಟು ಬೀಜದಿಂದ ಅವಳೇ ಕಂಡುಹಿಡಿದಳು. ಆಮೇಲೆ ಪುಸ್ತಕ ಮುಚ್ಚಿಟ್ಟು, "ಇನ್ನೊಂದು ಕೊಡಿ" ಎಂದಳು.